ಮನೆ ಬೆಚ್ಚಗಿಡುವಿಕೆ

ಚಳಿಗಾಲದಲ್ಲಿ ವಾಸದ ಜಾಗವನ್ನು ಮೈಗೆ ಹಿತವಾಗುವಷ್ಟು, ಆರೋಗ್ಯ ಕೆಡದಷ್ಟು ಬೆಚ್ಚಗೆ ಇಟ್ಟುಕೊಳ್ಳುವ ಕ್ರಮ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ವಸತಿ ಮತ್ತು ಆರೋಗ್ಯದ ಮಾರ್ಗಸೂಚಿ, ಚಳಿ ದೇಶಗಳ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕು ಎನ್ನುತ್ತದೆ. ವಯಸ್ಸಾದವರು, ಎಳೆಯ ಮಕ್ಕಳು, ಕಾಯಿಲೆಯವರು ಇರುವ ಮನೆಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಕರ್ನಾಟಕದವರಿಗೆ ಈ ಅಂಕಿಯ ತೂಕ ಸುಲಭವಾಗಿ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂಥ ರಾತ್ರಿಯನ್ನು ಒಂದು ಕಂಬಳಿ ಹೊದ್ದು ಕಳೆಯಬಹುದು. ಲೇಹ್‌ನಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದ ರಾತ್ರಿ ಕಂಬಳಿ ಎಷ್ಟಿದ್ದರೂ ಸಾಲದು, ಮನೆಯೇ ಕಾಯಬೇಕು. ಕಾಯಿಸಲು ದುಡ್ಡು ಬೇಕು. ಹೆಚ್ಚು ದುಡ್ಡಿಲ್ಲದವರು ಲೋಕದ ಬೇರೆಬೇರೆ ಕಡೆ ಈ ಕೆಲಸವನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದು ಈ ಲೇಖನದ ವಿಷಯ. ಅವರ ಉಪಾಯಗಳಲ್ಲಿ ಬಹುಪಾಲು ಎರಡು ಬಗೆಯವು: ಬಿಸಿ ಮಾಡಬೇಕಾದ ಜಾಗವನ್ನು ಕಿರಿದು ಮಾಡುವುದು, ಬಂದ ಬಿಸಿಯನ್ನು ಬೆಳಗಿನವರೆಗೆ ಹಿಡಿದಿಡುವುದು. ಹೊಸ ಒಲೆಯನ್ನೋ ಹೀಟರನ್ನೋ ಕೊಳ್ಳುವ ಪ್ರಶ್ನೆ ಇವೆರಡರ ನಂತರದ್ದು.

ಶಾಖ ಸೋರುವ ಬಗೆ

ಬೆಚ್ಚಗಿನ ಮನೆಯಿಂದ ಶಾಖ ಗೋಡೆ, ಚಾವಣಿ, ಗಾಜು, ನೆಲಗಳ ಮೂಲಕ ಹಾಯ್ದು ಹೋಗುತ್ತದೆ. ಸಂದಿಗಳಿಂದ ಗಾಳಿಯ ಜೊತೆಗೂ ಹೋಗುತ್ತದೆ. ಕಟ್ಟಡದವರು ಮೊದಲನೆಯದನ್ನು ಯು ಮೌಲ್ಯ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಶಾಖ ಹಾಯುತ್ತದೆ ಎಂಬುದೇ ಆ ಅಳತೆ. ಒಂದೇ ಪದರದ ಗಾಜಿಗೆ ಇದು ಸುಮಾರು 5, ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಸುಮಾರು 2. ಏನೂ ಹಾಸದ ಹೆಂಚಿನ ಚಾವಣಿಗೆ 2.3ರ ಆಸುಪಾಸು. ಅದೇ ಚಾವಣಿಯ ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪಕ್ಕೆ ಗಾಜಿನ ಉಣ್ಣೆ ಹಾಸಿದರೆ 0.16ರಷ್ಟಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಬಹುದು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕೋಣೆ. ಒಳಗೆ 18 ಡಿಗ್ರಿ, ಹೊರಗೆ ಸೊನ್ನೆಗಿಂತ 2 ಕೆಳಗೆ. ಬರಿಯ ಚಾವಣಿಯೊಂದರಿಂದಲೇ 730 ವಾಟ್‌ಗೂ ಮೀರಿ ಹೋಗುತ್ತಿರುತ್ತದೆ, ಅಂದರೆ ಒಂದು ಸಣ್ಣ ಹೀಟರು ಆಕಾಶವನ್ನು ಕಾಯಿಸುತ್ತ ಕೂತ ಹಾಗೆ. ಉಣ್ಣೆ ಹಾಸಿದ ಮೇಲೆ ಹೋಗುವುದು 51 ವಾಟ್. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಬರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹಾಸಿನ ಬೆಲೆ ಅರ್ಥವಾಗುತ್ತದೆ.

ಸಂದಿಯ ಗಾಳಿಯದು ಬೇರೆ ಕತೆ. ಬಿಸಿಗಾಳಿ ಮೇಲೇರಿ ಚಿಮಣಿ, ಅಟ್ಟದ ಬಾಗಿಲು, ಮೇಲಂತಸ್ತಿನ ಕಿಟಕಿಗಳಿಂದ ಹೊರಬೀಳುತ್ತದೆ. ಅದರ ಜಾಗ ತುಂಬಲು ಬಾಗಿಲಿನ ಅಡಿಯಿಂದ, ನೆಲದ ಹಲಗೆಗಳ ನಡುವಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಇದನ್ನು ಪತ್ತೆ ಹಚ್ಚುವ ದೊಡ್ಡ ಯಂತ್ರಗಳಿವೆ. ಮನೆಮಟ್ಟಿಗೆ ದೇವರ ಮುಂದಿನ ಊದುಬತ್ತಿ ಸಾಕು. ಗಾಳಿ ಬೀಸುವ ದಿನ ಹಚ್ಚಿ, ಕಿಟಕಿಯ ಚೌಕಟ್ಟಿನ ಗುಂಟ ನಿಧಾನವಾಗಿ ಆಡಿಸಿದರೆ ನೆಟ್ಟಗೆ ಏಳುತ್ತಿದ್ದ ಹೊಗೆ ಒಂದೆಡೆ ಥಟ್ಟನೆ ಒಳಕ್ಕೆ ಬಾಗುತ್ತದೆ. ಪಟ್ಟಿ ಅಂಟಿಸಬೇಕಾದದ್ದು ಅಲ್ಲಿ.

ಕಿರಿದಾಗುವ ಮನೆ

ಹಳೆಯ ಚಳಿನಾಡುಗಳಲ್ಲಿ ಇಡೀ ಮನೆಯನ್ನು ಬಿಸಿ ಮಾಡುವ ಯೋಚನೆಯೇ ಇರಲಿಲ್ಲ. ಚಳಿ ಬಂದಂತೆ ಮನೆ ಕುಗ್ಗುತ್ತಿತ್ತು. ಲಡಾಖಿನ ಸಂಸಾರ ಬೇಸಿಗೆಯಲ್ಲಿ ಮಹಡಿ, ಜಗಲಿಗಳಲ್ಲೆಲ್ಲ ಹರಡಿಕೊಂಡಿರುತ್ತದೆ. ಡಿಸೆಂಬರಿಗೆ ಒಲೆಯಿರುವ ಅಡುಗೆಮನೆಯೊಂದಕ್ಕೆ ಬಂದು ಸೇರಿ, ಉಣ್ಣುವುದು, ನೂಲುವುದು, ಹರಟುವುದು ಎಲ್ಲ ಅಲ್ಲೇ. ಕೆಳಗಿನ ಅಂತಸ್ತಿನಲ್ಲಿ ದನ, ಕುರಿ. ಹಿಮಾಚಲದಲ್ಲಿ ಮರ ಮತ್ತು ಕಲ್ಲಿನ ವರಸೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುವ ಕಾಠ್‌ಕುಣಿ ಮನೆಗಳಲ್ಲೂ ಜನ ಮೇಲೆ, ದನ ಕೆಳಗೆ. ಒಂದು ದೊಡ್ಡ ಹಸುವಿನ ಮೈಯಿಂದ ಐದಾರು ಜನರಿಗಿಂತ ಹೆಚ್ಚು ಶಾಖ ಬರುತ್ತದೆ, ಆ ಶಾಖ ಹಲಗೆಯ ನೆಲದ ಮೂಲಕ ಮೇಲೇರುತ್ತದೆ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನದ ಅಂಕಣ, ಅದಕ್ಕಿಂತ ಎತ್ತರದ ಕಟ್ಟೆಯ ಮೇಲೆ ಜನ ಇರುವುದಕ್ಕೆ ಮುಖ್ಯ ಕಾರಣ ಕಳ್ಳರ ಭಯ, ದನದ ಮೇಲಿನ ಮಮತೆ. ಆದರೂ ಪುಷ್ಯ ಮಾಸದ ರಾತ್ರಿ ಆ ಅಂಕಣದ ಬಿಸುಪನ್ನು ಅಲ್ಲಿ ಮಲಗಿದವರು ಮರೆಯಲಾರರು.

ಕಾಶ್ಮೀರಿಗಳು ಮನೆಯನ್ನು ಇನ್ನೂ ಕಿರಿದು ಮಾಡಿದರು, ಒಂದು ಅಂಗಿಯಷ್ಟಕ್ಕೆ. ಅಲ್ಲಿಯ ಕಡುಚಳಿಯ 40 ದಿನಗಳಿಗೆ ಚಿಲ್ಲಾಯ್ ಕಲಾನ್ ಎಂದು ಹೆಸರು. ಡಿಸೆಂಬರ್ 21ಕ್ಕೆ ಆರಂಭ. ಆ ಬಳಿಕ 20 ದಿನದ ಚಿಲ್ಲಾಯ್ ಖುರ್ದ್, 10 ದಿನದ ಚಿಲ್ಲಾಯ್ ಬಚ್ಚಾ. ಈ ದಿನಗಳಲ್ಲಿ ಫೆರನ್ ಎಂಬ ಸಡಿಲ ನಿಲುವಂಗಿಯೊಳಗೆ ಕಾಂಗ್ರಿ ಇರುತ್ತದೆ: ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿ, ಅದರೊಳಗೆ ಮಣ್ಣಿನ ಕುಡಿಕೆ, ಕುಡಿಕೆಯಲ್ಲಿ ಇದ್ದಿಲು, ಮೇಲೆ ಬೂದಿ. ಚಿನಾರ್ ಮರದ ಉದುರೆಲೆಯನ್ನು ಶರತ್ಕಾಲದಲ್ಲಿ ಗುಡಿಸಿ ಸುಟ್ಟು ನೀರು ಚಿಮುಕಿಸಿ ಮಾಡಿದ ಇದ್ದಿಲು ಬಹಳ ಹೊತ್ತು ನಿಲ್ಲುತ್ತದೆ. ಬುಟ್ಟಿಗೆ ಕಟ್ಟಿದ ಪುಟ್ಟ ಸಟ್ಟುಗದಿಂದ ಆಗಾಗ ಬೂದಿ ಕೆದಕಿದರೆ ಕೆಂಡ ಮತ್ತೆ ಕಣ್ಣು ಬಿಡುತ್ತದೆ. ಶ್ರೀನಗರದ ಬೀದಿಯಲ್ಲಿ ಎರಡೂ ತೋಳು ಖಾಲಿ ತೂಗಾಡುವ ಫೆರನ್ ತೊಟ್ಟವರನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಕೈಗಳೆರಡೂ ಒಳಗೆ ಕಾಂಗ್ರಿಯನ್ನು ತಬ್ಬಿಕೊಂಡಿರುತ್ತವೆ. ಒಳ್ಳೆಯ ಕಾಂಗ್ರಿಗೆ ಚರಾರೆ ಶರೀಫ್ ಹೆಸರಾದ ಊರು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವರ್ಷಗಟ್ಟಲೆ ಒಂದೇ ಕಡೆ ತಾಗುವ ಕಾವಿನಿಂದ ತೊಡೆ, ಹೊಟ್ಟೆಗಳ ಚರ್ಮದ ಮೇಲೆ ಹುಟ್ಟುವ ಕ್ಯಾನ್ಸರನ್ನು 19ನೆಯ ಶತಮಾನದಲ್ಲೇ ಅಲ್ಲಿಯ ಮಿಷನರಿ ವೈದ್ಯರು ಗುರುತಿಸಿದ್ದರು. ವೈದ್ಯಗ್ರಂಥಗಳಲ್ಲಿ ಅದಕ್ಕೆ ಕಾಂಗ್ರಿ ಕ್ಯಾನ್ಸರ್ ಎಂದೇ ಹೆಸರು. ಅನುಕೂಲಸ್ಥರ ಮನೆಗಳಲ್ಲೂ ಮಸೀದಿಗಳಲ್ಲೂ ಹಮಾಮ್ ಇರುತ್ತದೆ: ಕಲ್ಲುಚಪ್ಪಡಿಯ ನೆಲ, ಅದರಡಿಯ ಪೊಳ್ಳಿನಲ್ಲಿ ಸೌದೆ ಉರಿ, ಜೊತೆಗೆ ನೀರು ಕಾಯುವ ತಾಮ್ರದ ಹಂಡೆ. ನಮ್ಮ ಬಚ್ಚಲ ಒಲೆಯನ್ನು ನಡುಮನೆಯ ನೆಲದಡಿ ಕೂರಿಸಿದರೆ ಹೇಗೋ ಹಾಗೆ.

ಇದೇ ತತ್ತ್ವ ಕೊರಿಯಾದಲ್ಲಿ ಓಂದೊಲ್ ಆಗಿದೆ. ಅಡುಗೆ ಒಲೆಯ ಹೊಗೆಯನ್ನು ಕೋಣೆಯ ನೆಲದಡಿಯ ಕಲ್ಲು ಕಾಲುವೆಗಳಲ್ಲಿ ಹಾಯಿಸಿ ಆಚೆ ಬದಿಯ ಚಿಮಣಿಗೆ ಬಿಡುತ್ತಾರೆ. ಒಂದೇ ಉರಿಗೆ ಅನ್ನವೂ ಆಯಿತು, ನೆಲವೂ ಕಾದಿತು. ಒಲೆಗೆ ಹತ್ತಿರದ ಬೆಚ್ಚನೆಯ ತುದಿ ಹಿರಿಯರಿಗೆ, ಅತಿಥಿಗಳಿಗೆ ಮೀಸಲು. ಉತ್ತರ ಚೀನಾದ ಕಾಂಗ್ ಎಂಬುದು ಹೀಗೆಯೇ ಕಾಯುವ ಇಟ್ಟಿಗೆಯ ಮಂಚ. ಜಪಾನಿನ ಕೊತತ್ಸು ಗಿಡ್ಡ ಮೇಜು, ಅದರ ಮೇಲಿಂದ ನಾಲ್ಕೂ ಕಡೆ ಇಳಿಬಿಟ್ಟ ರಜಾಯಿ, ಅಡಿಯಲ್ಲಿ ಮೊದಲು ಇದ್ದಿಲು, ಈಗ ಕರೆಂಟಿನ ಹೀಟರು. ಸಂಸಾರವೆಲ್ಲ ಕಾಲನ್ನು ಅದರೊಳಗೆ ಚಾಚಿ ಕೂರುತ್ತದೆ. ಸೌದೆಯ ಅಭಾವ ಬಿಗಿಯಾದಾಗ ಸ್ವೀಡನ್ 1767ರಲ್ಲಿ ಕಾರ್ಲ್ ಯೋಹಾನ್ ಕ್ರೊನ್‌ಸ್ಟೆಡ್ ಮತ್ತು ಫಾಬಿಯನ್ ವ್ರೇಡೆ ಅವರ ಕೈಯಲ್ಲಿ ಹೊಸ ಒಲೆ ಮಾಡಿಸಿತು. ಅದರಲ್ಲಿ ಹೊಗೆ ನೇರ ಮೇಲೆ ಹೋಗದೆ ಇಟ್ಟಿಗೆಯೊಳಗೆ ಮೇಲೆ ಕೆಳಗೆ ಸುತ್ತಾಡಿ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು ಹೊರಡುತ್ತದೆ. ದಿನಕ್ಕೆ ಒಂದೆರಡು ಸಲ ಜೋರಾಗಿ ಉರಿ ಹಾಕಿದರೆ ಸಾಕು, ಹೆಂಚು ಹೊದಿಸಿದ ಆ ಒಲೆ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ.

ಬಿಸಿಲು ಕೂಡಿಡುವ ಗೋಡೆ

ಲಡಾಖಿನಲ್ಲಿ ಮರ ಕಡಿಮೆ. ಉರುವಲು ಎಂದರೆ ಬಹುಪಾಲು ಒಣಗಿದ ಸಗಣಿ, ಪಾಪ್ಲರ್ ಮತ್ತು ವಿಲೋ ಮರದ ಕೊಂಬೆ. ಪಟ್ಟಣಗಳಲ್ಲಿ ಬುಖಾರಿ ಎಂಬ ತಗಡಿನ ಒಲೆ, ಅದಕ್ಕೆ ಲಾರಿಯಲ್ಲಿ ಬಂದ ಸೌದೆ, ಕಲ್ಲಿದ್ದಲು ಅಥವಾ ಸೀಮೆಎಣ್ಣೆ. ಹೇರಳವಾಗಿ ಇರುವುದು ಬಿಸಿಲು: 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವರ್ಷದ 300ಕ್ಕೂ ಹೆಚ್ಚು ದಿನ ಆಕಾಶ ನಿಚ್ಚಳ. ಊರು 34 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಿಗಂತದಿಂದ 32 ಡಿಗ್ರಿಯಷ್ಟೇ ಮೇಲೇರುತ್ತಾನೆ, ಜೂನಿನಲ್ಲಿ ಹತ್ತಿರಹತ್ತಿರ ನೆತ್ತಿಗೆ ಬರುತ್ತಾನೆ. ಹಾಗಾಗಿ ದಕ್ಷಿಣಕ್ಕೆ ದೊಡ್ಡ ಗಾಜು, ಅದರ ಮೇಲೆ ತುಸು ಮುಂಚಾಚಿದ ಸೂರು ಇದ್ದರೆ ಚಳಿಗಾಲದ ಬಿಸಿಲು ಕೋಣೆಯ ಒಳಗಿನ ಗೋಡೆ ಮುಟ್ಟುತ್ತದೆ, ಬೇಸಿಗೆಯದು ಹೊಸ್ತಿಲಲ್ಲೇ ನಿಲ್ಲುತ್ತದೆ.

ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸುವುದು ಕಷ್ಟದ ಭಾಗ. ಅದಕ್ಕೆ ಹೆಸರಾದ ಉಪಾಯ ಟ್ರಾಂಬ್ ಗೋಡೆ. ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ, ಯಾರೂ ಗಮನಿಸಲಿಲ್ಲ. 1960ರ ದಶಕದಲ್ಲಿ ಫ್ರಾನ್ಸಿನ ಒದೆಯ್ಯೊದಲ್ಲಿ ಎಂಜಿನಿಯರ್ ಫೆಲಿಕ್ಸ್ ಟ್ರಾಂಬ್ ಮತ್ತು ವಾಸ್ತುಶಿಲ್ಪಿ ಜಾಕ್ ಮಿಶೆಲ್ ಕಟ್ಟಿ ತೋರಿಸಿದ ಮೇಲೆ ಹೆಸರು ನಿಂತಿತು. ದಕ್ಷಿಣದ ದಪ್ಪ ಮಣ್ಣಿನ ಗೋಡೆಗೆ ಕಪ್ಪು ಬಳಿದು, ಅದರ ಮುಂದೆ ಗೇಣು ದೂರದೊಳಗೆ ಗಾಜು ನಿಲ್ಲಿಸುತ್ತಾರೆ. ಬಿಸಿಲು ಗಾಜು ದಾಟಿ ಕಪ್ಪಿಗೆ ತಾಗಿ ಗೋಡೆ ಕಾಯುತ್ತದೆ. ಆ ಶಾಖ ಮಣ್ಣಿನಲ್ಲಿ ಆಮೆಯಂತೆ ಸಾಗುತ್ತದೆ. ಒಂದಡಿ ದಪ್ಪದ ಗೋಡೆಯ ಒಳಮೈಗೆ ಬರಲು ಎಂಟು ಹತ್ತು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಉಂಡ ಬಿಸಿಲನ್ನು ಗೋಡೆ ಮಲಗುವ ಹೊತ್ತಿಗೆ ಬಡಿಸುತ್ತದೆ ಎಂದರೆ ಸರಿ. ಮೇಲೆ ಕೆಳಗೆ ಕಿಂಡಿ ಇಟ್ಟರೆ ಹಗಲಿನಲ್ಲೂ ಬಿಸಿಗಾಳಿ ಒಳಬರುತ್ತದೆ, ಆದರೆ ಸಂಜೆ ಅವನ್ನು ಮುಚ್ಚಲು ಮರೆತರೆ ಗಾಳಿ ತಿರುಗುಮುರುಗು ಹರಿದು ಕೋಣೆಯನ್ನೇ ತಣ್ಣಗೆ ಮಾಡುತ್ತದೆ.

ಇದಕ್ಕಿಂತಲೂ ಅಗ್ಗದ್ದು, ನನ್ನ ಎಣಿಕೆಯಲ್ಲಿ ಹೆಚ್ಚು ಜಾಣತನದ್ದು, ಮನೆಗೆ ತಾಗಿಸಿ ಕಟ್ಟುವ ಹಸಿರುಮನೆ. ನಾಲ್ಕು ಮರದ ಗಳು, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ. ಅಕ್ಟೋಬರ್ ಮುಗಿಯುವಾಗ ದಕ್ಷಿಣದ ಗೋಡೆಗೆ ಅದನ್ನು ಇಳಿಬಿಟ್ಟು, ಬೇಸಿಗೆಗೆ ಸುತ್ತಿ ಅಟ್ಟಕ್ಕೆ ಎಸೆಯುತ್ತಾರೆ. ಹಗಲು ಅದರ ಬಿಸಿ ಬಾಗಿಲಿನಿಂದ ಮನೆಯೊಳಕ್ಕೆ, ನೆಲದಲ್ಲಿ ಪಾಲಕ್ ಸೊಪ್ಪು. 1983ರಲ್ಲಿ ಆರಂಭವಾದ ಲಡಾಖ್ ಎಕಲಾಜಿಕಲ್ ಡೆವಲಪ್‌ಮೆಂಟ್ ಗ್ರೂಪ್, ಫ್ರಾನ್ಸಿನ ಜೆರೆಸ್ ಸಂಸ್ಥೆಗಳು ಇಂಥ ಮನೆಗಳನ್ನು ಹಳ್ಳಿಗಳಿಗೆ ಒಯ್ದವು. ಸೋನಂ ವಾಂಗ್‌ಚುಕ್ ಮತ್ತು ಗೆಳೆಯರು 1988ರಲ್ಲಿ ಸ್ಥಾಪಿಸಿದ ಸೆಕ್‌ಮಾಲ್ ಶಿಕ್ಷಣ ಸಂಸ್ಥೆಯ ಫೇ ಊರಿನ ವಿದ್ಯಾರ್ಥಿ ಆವರಣ ತುಳಿದು ಗಟ್ಟಿಸಿದ ಮಣ್ಣಿನದು, ದಕ್ಷಿಣಮುಖಿ. ಮಣ್ಣಿನ ಕಟ್ಟಡಗಳಿಗೆ ಕೊಡುವ ಅಂತರರಾಷ್ಟ್ರೀಯ ಟೆರ್ರಾ ಪ್ರಶಸ್ತಿ 2016ರಲ್ಲಿ ಅದಕ್ಕೆ ಬಂತು. ಇಲ್ಲಿ ಮರೆಯಬಾರದ ಇನ್ನೊಂದು ಮಾತು: ಬಿಸಿಲು ತರುವ ಗಾಜು ರಾತ್ರಿ ಅಷ್ಟೇ ಧಾರಾಳವಾಗಿ ಶಾಖ ಕಳೆಯುತ್ತದೆ. ಕತ್ತಲಾಗುತ್ತಲೇ ದಪ್ಪ ಪರದೆ ಎಳೆಯದ ಸೌರಮನೆ ಅರ್ಧ ಮನೆ. ಚಾವಣಿಯಲ್ಲಿ ಹುಲ್ಲು, ಮರದ ಹೊಟ್ಟು, ಉಣ್ಣೆಯ ಚಿಂದಿ ತುಂಬದಿದ್ದರೆ ಉಳಿದರ್ಧವೂ ಇಲ್ಲ.

ಬ್ರಿಟನ್ನಿನ ಬಿಲ್ಲು

ಚಳಿ ಅಷ್ಟೇನೂ ಕಡುವಲ್ಲದ ಬ್ರಿಟನ್ನಿನಲ್ಲಿ ಮನೆ ಬೆಚ್ಚಗಿಡುವುದು ರಾಜಕೀಯದ ದೊಡ್ಡ ಪ್ರಶ್ನೆಯಾಗಿದೆ. ಕಾರಣ ಹವೆಗಿಂತ ಮನೆಗಳಲ್ಲಿದೆ. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದರಲ್ಲೊಂದು 1919ಕ್ಕಿಂತ ಹಳೆಯದು: ಒಂಬತ್ತಿಂಚಿನ ಗಟ್ಟಿ ಇಟ್ಟಿಗೆ ಗೋಡೆ, ಕೋಣೆಗೊಂದು ಚಿಮಣಿ, ಹಲಗೆಯ ನೆಲ. ಕೋಣೆಗೊಂದು ಕಲ್ಲಿದ್ದಲ ಬೆಂಕಿ ಹಾಕಿ ಅದರ ಮುಂದೆ ಕೂರುತ್ತಿದ್ದ ಕಾಲಕ್ಕೆ ಕಟ್ಟಿದ ಮನೆಗಳು ಅವು. 1952ರ ಲಂಡನ್ ಹೊಗೆಮಂಜಿನ ಸಾವುಗಳ ಬಳಿಕ 1956ರ ಶುದ್ಧಗಾಳಿ ಕಾಯಿದೆ ಬಂತು, ಮುಂದೆ ಉತ್ತರ ಸಮುದ್ರದ ಗ್ಯಾಸ್ ಬಂತು, ಒಂದು ಬಾಯ್ಲರಿನಿಂದ ಎಲ್ಲ ಕೋಣೆಯ ರೇಡಿಯೇಟರಿಗೂ ಬಿಸಿನೀರು ಹರಿಯಿತು. ಕುಗ್ಗುತ್ತಿದ್ದ ಮನೆ ಮತ್ತೆ ಹಿಗ್ಗಿತು. ಸೋರುವ ಗೋಡೆ ಮಾತ್ರ ಹಾಗೆಯೇ ಇತ್ತು.

ಸಂಶೋಧಕಿ ಬ್ರೆಂಡಾ ಬೋರ್ಡ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಇಂಧನ ಬಡತನಕ್ಕೆ ಅಳತೆಗೋಲು ಕೊಟ್ಟರು: ಮನೆಯನ್ನು ತಕ್ಕಷ್ಟು ಬೆಚ್ಚಗಿಡಲು ಆದಾಯದ ಶೇ. 10ಕ್ಕಿಂತ ಹೆಚ್ಚು ಬೇಕಾಗುವ ಸಂಸಾರ ಇಂಧನಕ್ಕೆ ಬಡವ. 2000ದಲ್ಲಿ ಬೆಚ್ಚನೆಯ ಮನೆಗಳ ಬಗ್ಗೆ ಕಾನೂನೇ ಆಯಿತು. ವೃದ್ಧರಿಗೆ ಚಳಿಗಾಲದ ಇಂಧನ ಭತ್ಯೆ 1997ರಿಂದ ಇದೆ. 2024ರಲ್ಲಿ ಅದನ್ನು ಬಡ ಪಿಂಚಣಿದಾರರಿಗಷ್ಟೇ ಮಿತಿಗೊಳಿಸಿದ ಸರ್ಕಾರ ಜನರ ಸಿಟ್ಟಿಗೆ ಮಣಿದು 2025ರಲ್ಲಿ ಬಹುಪಾಲು ಹಿಂದಿರುಗಿಸಿತು. ಉಕ್ರೇನ್ ಯುದ್ಧದ 2022ರ ಚಳಿಗಾಲದಲ್ಲಿ ಸಾಮಾನ್ಯ ಮನೆಯ ವರ್ಷದ ಬಿಲ್ಲು 2,500 ಪೌಂಡಿನ ಆಸುಪಾಸಿನಲ್ಲಿ ನಿಲ್ಲುವಂತೆ ಸರ್ಕಾರವೇ ದರಕ್ಕೆ ತಡೆ ಹಾಕಬೇಕಾಯಿತು. ಗ್ರಂಥಾಲಯ, ಚರ್ಚುಗಳು ಹಗಲು ಹೊತ್ತು ಜನ ಬಂದು ಕೂರಲು ಬೆಚ್ಚನೆಯ ಕೋಣೆಗಳನ್ನು ತೆರೆದದ್ದೂ ಆಗಲೇ.

ಅಲ್ಲಿ ಖರ್ಚಿಗೆ ತಕ್ಕ ಫಲ ಕೊಡುವ ಕೆಲಸಗಳಿಗೆ ಒಂದು ವರಸೆ ಇದೆ. ಸಂದಿ ಮುಚ್ಚುವುದು ಮೊದಲು, ಬಳಸದ ಚಿಮಣಿಯೂ ಸೇರಿ. ನಂತರ ಅಟ್ಟದ ಹಾಸು. 1920ರ ದಶಕದಿಂದೀಚಿನ ಮನೆಯಾದರೆ ಎರಡು ಪದರ ಗೋಡೆಯ ನಡುವಿನ ಪೊಳ್ಳಿಗೆ ತುಂಬಿಸುವ ಉಣ್ಣೆ. ಎರಡು ಪದರದ ಗಾಜಿನ ಕಿಟಕಿ ಕೊನೆಗೆ. ಮನೆಬಾಗಿಲಿಗೆ ಬರುವ ಮಾರಾಟಗಾರರು ಅದನ್ನೇ ಮೊದಲು ಹೇಳುವುದು ಅವರ ಕಸುಬಿಗೆ ಸಹಜ. ಬಿಡಿಗಾಸೂ ಬೇಡದ ಕೆಲಸವೂ ಇದೆ. ಈಗಿನ ಗ್ಯಾಸ್ ಬಾಯ್ಲರುಗಳು ಹೊಗೆಯಲ್ಲಿನ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಡಿಯುವಂಥವು, ಆದರೆ ರೇಡಿಯೇಟರ್ ಸುತ್ತಿ ಮರಳುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ. ಅಳವಡಿಸುವವರು 75-80ಕ್ಕೆ ಇಟ್ಟು ಹೋದ ಗುಂಡಿಯನ್ನು 60ಕ್ಕೆ ತಿರುಗಿಸಿದರೆ ಅದೇ ಬೆಚ್ಚನೆಗೆ ಕಡಿಮೆ ಗ್ಯಾಸು ಸಾಕು. ಬಿಸಿನೀರಿನ ತೊಟ್ಟಿ ಬೇರೆ ಇರುವ ಮನೆಯಲ್ಲಿ ಆ ತೊಟ್ಟಿಯನ್ನು 60ಕ್ಕಿಂತ ಇಳಿಸಬಾರದು, ರೋಗಾಣು ಬೆಳೆಯುತ್ತದೆ. ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಶಾಖ ಎಳೆಯುವ ಹೀಟ್ ಪಂಪಿಗೆ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತದೆ. ಆದರೆ ಅಲ್ಲಿ ವಿದ್ಯುತ್ತಿನ ಯೂನಿಟ್ಟಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ಬೆಲೆ ಇರುವುದರಿಂದ ಬಿಲ್ಲು ಇಳಿದೇ ಇಳಿಯುತ್ತದೆ ಎನ್ನುವಂತಿಲ್ಲ.

ಅಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಥರ್ಮೋಮೀಟರಿಗಿಂತ ಮೊದಲು ಚಳಿ ಹೇಳುವುದು ದೋಸೆ ಹಿಟ್ಟು. ರಾತ್ರಿ ರುಬ್ಬಿಟ್ಟದ್ದು ಬೆಳಿಗ್ಗೆ ಇಟ್ಟಷ್ಟೇ ಇರುತ್ತದೆ, ಹಾಲು ಹೆಪ್ಪಾಗಿರುವುದಿಲ್ಲ. ಹಿಟ್ಟಿನ ಪಾತ್ರೆಯನ್ನು ದೀಪ ಮಾತ್ರ ಹಾಕಿದ ಓವನ್ನಿನೊಳಗೆ, ಇಲ್ಲವೇ ಬಿಸಿನೀರಿನ ತೊಟ್ಟಿ ಇರುವ ಬಟ್ಟೆ ಬೀರುವಿನಲ್ಲಿ ಇಡುವ ರೂಢಿ ಬೆಳೆದದ್ದು ಹೀಗೆ. ಇಡೀ ಅಡುಗೆಮನೆ ಕಾಯಿಸುವ ಬದಲು ಪಾತ್ರೆಯನ್ನಷ್ಟೇ ಬೆಚ್ಚಗಿಡುವುದು ಕಾಂಗ್ರಿಯ ಲೆಕ್ಕವೇ.

ಮೈಗೆ ಹತ್ತಿರದ ಬಿಸಿ

ಗಾಳಿಗಿಂತ ಮೈಯನ್ನು ಬೆಚ್ಚಗಿಡುವುದು ಯಾವಾಗಲೂ ಅಗ್ಗ. 2,000 ವಾಟಿನ ರೂಮ್ ಹೀಟರು ಗಂಟೆಗೆ ಎರಡು ಯೂನಿಟ್ ತಿನ್ನುತ್ತದೆ. ವಿದ್ಯುತ್ ಕಂಬಳಿಗೆ ಬೇಕಾದದ್ದು 100 ವಾಟ್‌ನಷ್ಟು. ರಬ್ಬರಿನ ಬಿಸಿನೀರ ಚೀಲಕ್ಕೆ ಒಂದು ಕೆಟಲ್ ನೀರು ಸಾಕು. ಕರ್ನಾಟಕದ ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದು ಹುಣಸೆಬೀಜದ ಗಂಜಿ ಕೊಡುವ ಕಂಬಳಿ, ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳನ್ನು ಪದರ ಪದರವಾಗಿ ಒಟ್ಟಿ ಹೊಲಿಯುವ ಕೌದಿ ಇದೇ ಸಾಲಿನವು. ಕೌದಿಯಲ್ಲಿ ಬಿಸಿ ಹಿಡಿಯುವುದು ಸೀರೆಯಲ್ಲ, ಸೀರೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಬಿಗಿಯಾಗಿ ಇಸ್ತ್ರಿ ಮಾಡಿದಂತೆ ಹೊಲಿದ ಕೌದಿಗಿಂತ ಸ್ವಲ್ಪ ಉಬ್ಬಿದ ಕೌದಿ ಬೆಚ್ಚಗಿರುವುದು ಅದಕ್ಕೇ.

ಈ ವಿಷಯದಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಗಟ್ಟಿಯಾಗಿ ನಿಂತಿವೆ. ಎಣ್ಣೆ ತುಂಬಿದ ಹೀಟರು ಸರಳಿನ ಹೀಟರಿಗಿಂತ ಕರೆಂಟು ಉಳಿಸುತ್ತದೆ ಎಂಬುದು ಒಂದು. ಒಂದು ಯೂನಿಟ್ ಕರೆಂಟಿಗೆ ಎರಡರಲ್ಲೂ ಬರುವ ಶಾಖ ಒಂದೇ. ಎಣ್ಣೆಯದು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಅಷ್ಟೇ. ಮೇಣದ ಬತ್ತಿಯ ಮೇಲೆ ಹೂಕುಂಡ ಬೋರಲು ಹಾಕಿದರೆ ಕೋಣೆ ಕಾಯುತ್ತದೆ ಎಂಬುದು ಇನ್ನೊಂದು. ಪುಟ್ಟ ಬತ್ತಿಯಿಂದ ಬರುವುದು ಮೂವತ್ತು ನಲವತ್ತು ವಾಟ್, ಕುಂಡ ಅದಕ್ಕೆ ಏನನ್ನೂ ಕೂಡಿಸುವುದಿಲ್ಲ, ಬೆಂಕಿ ಅನಾಹುತದ ಹೊರತು.

ಹೊಗೆ, ತೇವ

ಸಂದಿಗಳನ್ನೆಲ್ಲ ಮುಚ್ಚಿದ ಮನೆಗೆ ಉಸಿರಿನ ಸಮಸ್ಯೆ ಬರುತ್ತದೆ. ಅಡುಗೆ, ಸ್ನಾನ, ಉಸಿರು, ಒಳಗೇ ಒಣಹಾಕಿದ ಬಟ್ಟೆ ಎಲ್ಲವೂ ನೀರಾವಿ ಬಿಡುತ್ತವೆ. ಆವಿ ತಣ್ಣನೆಯ ಗೋಡೆಯ ಮೂಲೆಯಲ್ಲಿ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್‌ನ ಬಾಡಿಗೆ ಮನೆಯೊಂದರಲ್ಲಿ 2020ರಲ್ಲಿ ಎರಡು ವರ್ಷದ ಮಗು ಬೂಷ್ಟಿನಿಂದಲೇ ಸತ್ತಿತೆಂದು ವಿಚಾರಣೆ ತೀರ್ಮಾನಿಸಿದ ಮೇಲೆ ಬ್ರಿಟನ್ 2023ರಲ್ಲಿ ಕಾನೂನು ಬಿಗಿ ಮಾಡಿತು. ಒಗ್ಗರಣೆ ಹಾಕುವಾಗ ಹತ್ತು ನಿಮಿಷ ಕಿಟಕಿ ತೆರೆದರೆ ಹೋಗುವ ಶಾಖ ಕಡಿಮೆ, ಹೋಗುವ ತೇವ ಹೆಚ್ಚು. ಗಾಳಿ ಬದಲಾದರೂ ಗೋಡೆ ಬೆಚ್ಚಗೇ ಇರುತ್ತದೆ.

ಇದ್ದಿಲಿನದು ಇದಕ್ಕಿಂತ ಘೋರ. ಹೊಗೆಯಿಲ್ಲದ ಕೆಂಡ ಸುರಕ್ಷಿತ ಎಂಬ ನಂಬಿಕೆಯೇ ಮೋಸ. ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ದಿಲ್ಲಿ, ಉತ್ತರ ಪ್ರದೇಶಗಳಲ್ಲಿ ಪ್ರತಿ ಜನವರಿಯೂ ಬಾಗಿಲು ಹಾಕಿದ ಕೋಣೆಯಲ್ಲಿ ಅಂಗೀಠಿ ಎಂಬ ಕೆಂಡದ ಒಲೆ ಇಟ್ಟುಕೊಂಡು ಮಲಗಿದವರು ಏಳದ ಸುದ್ದಿ ಬರುತ್ತದೆ. ಕೊರಿಯಾದಲ್ಲಿ ಸೌದೆಯ ಬದಲು ಕಲ್ಲಿದ್ದಲ ಬಿಲ್ಲೆ ಉರಿಸತೊಡಗಿದ 1960, 70ರ ದಶಕಗಳಲ್ಲಿ ಬಿರುಕುಬಿಟ್ಟ ಓಂದೊಲ್ ನೆಲಗಳಿಂದ ಇದೇ ಅನಿಲ ಮೇಲೆದ್ದು ಬಹಳ ಜನ ಸತ್ತರು. ನಮ್ಮಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುವ ಪದ್ಧತಿ ಹೆಂಚಿನ ಮನೆಯ ಕಾಲಕ್ಕೆ ನಡೆದುಹೋಯಿತು: ಹೆಂಚಿನ ಸಂದಿಗಳೇ ಕಿಟಕಿ. ತಾರಸಿ ಮನೆಯ ಅಲ್ಯೂಮಿನಿಯಂ ಕಿಟಕಿಯ ಕೋಣೆಗೆ ಅದನ್ನು ತರುವುದು ಅಪಾಯ.

ಕರ್ನಾಟಕದಲ್ಲಿ ಗೋಡೆಯೊಳಗೆ ಅಗ್ಗಿಷ್ಟಿಕೆ ಕಟ್ಟಿಸಿದ್ದು ಹೆಚ್ಚಾಗಿ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಬಂಗಲೆಗಳಲ್ಲಿ. ಅಲ್ಲೂ ಬೆಂಕಿ ಹೊತ್ತುವುದು ಡಿಸೆಂಬರಿಗಿಂತ ಹೆಚ್ಚಾಗಿ ಆಷಾಢದ ಮಳೆಗೆ, ತೇವ ಆರಿಸಲು. ಉಳಿದವರ ಚಳಿಗಾಲ ಬಹುಕಾಲ ಕಂಬಳಿ, ಅಂಗಳದ ಬೆಂಕಿಗಳಲ್ಲಿ ಮುಗಿಯುತ್ತಿತ್ತು. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಯೂರಿದ ಟಿಬೆಟಿಯನ್ನರು ಬಂದ ಮೇಲೆ ಅದಕ್ಕೆ ಇನ್ನೊಂದು ವಸ್ತು ಸೇರಿತು. ದೀಪಾವಳಿ ಕಳೆಯುತ್ತಲೇ ಊರೂರ ರಸ್ತೆಬದಿಯಲ್ಲಿ ಅವರ ಸ್ವೆಟರ್ ಅಂಗಡಿಗಳು ಸಾಲಾಗಿ ಏಳುತ್ತವೆ. ಮಾಲು ಹೆಚ್ಚಾಗಿ ಲೂಧಿಯಾನದ್ದು. ಸಂಕ್ರಾಂತಿ ಕಳೆದು ಬಿಸಿಲು ಏರುವ ಹೊತ್ತಿಗೆ ಅಂಗಡಿ ಕಟ್ಟಿ ಶಿಬಿರಕ್ಕೆ ಮರಳುತ್ತಾರೆ.